ಜೀವ ಹೋಗುವ ಹೊತ್ತಿಗೂ ಇಂಗ್ಲಿಷ್ ಬರಬೇಕೇನ್ರೀ?

ಬೋರ್ಡಿನ ಮೇಲೆ ಕನ್ನಡ ಬಂತು. 2023ರ ಡಿಸೆಂಬರ್ 27ರಂದು ಬೆಂಗಳೂರಿನ ಬೀದಿಗಿಳಿದು ಕೂಗಿದವರ ಗಂಟಲಿಗೆ ಬೆಲೆ ಸಿಕ್ಕಿತು. ನಾಮಫಲಕದ ಶೇಕಡಾ 60 ಭಾಗ ಕನ್ನಡದಲ್ಲೇ ಇರಬೇಕೆಂದು 2024ರಲ್ಲಿ ಕಾನೂನೇ ಆಯಿತು. ಸಂತೋಷ. ದೊಡ್ಡ ದೊಡ್ಡ ಪಂಚತಾರಾ ಆಸ್ಪತ್ರೆಗಳ ನೆತ್ತಿಯ ಮೇಲೂ ಈಗ ಕನ್ನಡದ ಅಕ್ಷರ ಹೊಳೆಯುತ್ತಿದೆ. ಆದರೆ ಗೆಳೆಯರೇ, ಎದೆ ಹಿಡಿದುಕೊಂಡ ಅಪ್ಪನನ್ನು ತೋಳಿನಲ್ಲಿ ಆನಿಸಿಕೊಂಡು, ನಡುರಾತ್ರಿಯಲ್ಲಿ ಆ ಬೋರ್ಡಿನ ಕೆಳಗಿನ ಗಾಜಿನ ಬಾಗಿಲು ತಳ್ಳಿ ಒಳಗೆ ಹೋಗಿ ನೋಡಿ. ಒಳಗೆ ಶೇಕಡಾ ಎಷ್ಟು ಕನ್ನಡವಿದೆ?

"ವಾಟ್ ಹ್ಯಾಪನ್ಡ್?" ಎನ್ನುತ್ತದೆ ಒಂದು ದನಿ. "ಕಬ್ ಸೇ ದರ್ದ್ ಹೈ?" ಎನ್ನುತ್ತದೆ ಇನ್ನೊಂದು. ಮೂರನೆಯ ದನಿ ಮಾತ್ರ ಅಚ್ಚ ಕನ್ನಡದಲ್ಲಿ ಕೇಳಿಬರುತ್ತದೆ: "ಸಾರ್, ಅಡ್ವಾನ್ಸ್ ಕಟ್ಟಿ ಬನ್ನಿ." ಹಣ ಕೇಳುವಾಗ ಇವರಿಗೆ ಕನ್ನಡ ಬರುತ್ತದೆ. ಬಡಾವಣೆಗಳಲ್ಲಿ ಹಂಚುವ ಹೆಲ್ತ್ ಕ್ಯಾಂಪ್ ಕರಪತ್ರಕ್ಕೆ, ಎಫ್.ಎಂ. ರೇಡಿಯೋದ ಜಾಹೀರಾತಿಗೆ ಕನ್ನಡ ಬರುತ್ತದೆ. ರೋಗಿಯ ನೋವು ಕೇಳಿಸಿಕೊಳ್ಳುವ ಹೊತ್ತಿಗೆ ಮಾತ್ರ ಬರುವುದಿಲ್ಲ! ಎಲ್ಲ ಆಸ್ಪತ್ರೆಯೂ ಹೀಗೆ ಎಂದು ನಾವು ಹೇಳುತ್ತಿಲ್ಲ. ಆದರೆ ಹೀಗಿರುವ ಒಂದೊಂದು ಆಸ್ಪತ್ರೆಯೂ ಕನ್ನಡಿಗನ ಪ್ರಾಣದ ಜೊತೆ ಜೂಜಾಡುತ್ತಿದೆ ಎಂದು ಹೇಳುತ್ತಿದ್ದೇವೆ.

ಒಳಗೆ ನಡೆಯುವುದೇನು?

ನಮ್ಮ ಹುಡುಗ ಹುಡುಗಿಯರಲ್ಲಿ ಅನೇಕರಿಗೆ ಎಮರ್ಜೆನ್ಸಿ ವಾರ್ಡ್ ಎಂದರೆ ಸಿನಿಮಾದಲ್ಲಿ ಉರಿಯುವ ಕೆಂಪು ದೀಪವಷ್ಟೇ ಗೊತ್ತು. ಹೋರಾಡಬೇಕಾದರೆ ಮೊದಲು ಅಲ್ಲಿ ನಡೆಯುವುದನ್ನು ತಿಳಿದಿರಬೇಕು.

ಅಲ್ಲಿ ರೇಷನ್ ಅಂಗಡಿಯ ಕ್ಯೂ ಇರುವುದಿಲ್ಲ. ಮೊದಲು ಬಂದವರನ್ನಲ್ಲ, ಹೆಚ್ಚು ಅಪಾಯದಲ್ಲಿರುವವರನ್ನು ಮೊದಲು ನೋಡುತ್ತಾರೆ. ಇದಕ್ಕೆ ಟ್ರಯಾಜ್ ಎನ್ನುತ್ತಾರೆ. ನರ್ಸ್ ಅಥವಾ ಡ್ಯೂಟಿ ಡಾಕ್ಟರ್ ಬಾಗಿಲ ಬಳಿಯೇ ನಾಡಿ, ಬಿಪಿ, ಉಸಿರು, ಆಮ್ಲಜನಕದ ಮಟ್ಟ ಅಳೆದು, ನಾಲ್ಕು ಮಾತು ಕೇಳಿ, ಕೆಂಪು, ಹಳದಿ, ಹಸಿರು ಎಂದು ವಿಂಗಡಿಸುತ್ತಾರೆ. ಕೆಂಪಾದರೆ ಈ ಕ್ಷಣವೇ ಚಿಕಿತ್ಸೆ. ಹಳದಿಯಾದರೆ ಸ್ವಲ್ಪ ತಡೆಯಬಹುದು. ಹಸಿರಾದರೆ ಕಾಯಬೇಕು. ಕಾಲು ಉಳುಕಿಸಿಕೊಂಡವನು ಎರಡು ಗಂಟೆ ಕೂತಿರಬೇಕಾದರೆ ಅದು ಅನ್ಯಾಯವಲ್ಲ. ಅವನ ಹಿಂದೆ ಬಂದವನ ಉಸಿರು ನಿಲ್ಲುತ್ತಿರಬಹುದು. ಅದಕ್ಕೆ ಜಗಳ ಆಡಬೇಡಿ.

ಜಗಳ ಆಡಬೇಕಾದದ್ದು ಆ "ನಾಲ್ಕು ಮಾತಿ"ಗೆ! ಬಿಪಿ ಅಳೆಯುವ ಯಂತ್ರಕ್ಕೆ ಭಾಷೆ ಇಲ್ಲ. ನೋವಿಗೆ ಭಾಷೆ ಇದೆ. ಚುಚ್ಚುತ್ತದೆಯೋ, ಹಿಂಡುತ್ತದೆಯೋ, ಉರಿಯುತ್ತದೆಯೋ, ಸೆಳೆಯುತ್ತದೆಯೋ? ಕೈ ಜೋಮು ಹಿಡಿದಿದೆಯೋ? ಕಣ್ಣು ಕತ್ತಲೆ ಬಂತೋ, ತಲೆ ಸುತ್ತಿತೋ? ಇವು ಬೇರೆ ಬೇರೆ ಮಾತು, ಬೇರೆ ಬೇರೆ ಕಾಯಿಲೆಯ ಸುಳಿವು. ಇಂಗ್ಲಿಷ್ ಬಾರದ ತಾಯಿಯ ಬಾಯಲ್ಲಿ ಇವೆಲ್ಲ ಸೇರಿ "ಪೇನ್" ಎಂಬ ಒಂದೇ ಪದ ಆಗಿಬಿಡುತ್ತದೆ. ಕೇಸ್ ಶೀಟಿನಲ್ಲಿ ಬರೆಯುವುದೂ ಅಷ್ಟೇ.

ಎದೆನೋವು ಎಂದು ಬಂದವನಿಗೆ ಹತ್ತು ನಿಮಿಷದ ಒಳಗೆ ಇಸಿಜಿ ಆಗಬೇಕು ಎಂಬುದು ಜಗತ್ತಿನ ವೈದ್ಯರೆಲ್ಲ ಒಪ್ಪಿದ ಮಾತು. ಆದರೆ ನಮ್ಮ ಎಷ್ಟು ಹೆಂಗಸರು "ಎದೆನೋವು" ಎನ್ನುತ್ತಾರೆ? "ಒಂಥರಾ ಗಾಬರಿ ಆಗ್ತಿದೆ", "ಸಂಕಟ ಆಗ್ತಿದೆ", "ಗ್ಯಾಸ್ ತುಂಬಿದ ಹಾಗಿದೆ" ಎನ್ನುತ್ತಾರೆ. ಕನ್ನಡ ಬಲ್ಲ ನರ್ಸ್ ಇದ್ದರೆ "ಬೆವರು ಬಂತಾ ಅಮ್ಮಾ? ಎಡಗೈ ಸೇದುತ್ತಾ?" ಎಂದು ಮುಂದಕ್ಕೆ ಕೇಳುತ್ತಾಳೆ. ಬಾರದವಳು "ಗಾಬರಿ"ಯನ್ನು ಆಂಗ್ಸೈಟಿ ಎಂದು ಬರೆದುಕೊಂಡು ಹಸಿರು ಪಟ್ಟಿಗೆ ಹಾಕಿದರೆ? ಆ ತಾಯಿ ಬೆಂಚಿನ ಮೇಲೆ ಕಾಯುತ್ತ ಕೂರುತ್ತಾಳೆ. ಅವಳ ಹೃದಯ ಕಾಯುವುದಿಲ್ಲ.

ಲಕ್ವ ಹೊಡೆದವರ ವಿಷಯ ಇನ್ನೂ ಕಠಿಣ. ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಒಳಗೆ ಕೊಡಬೇಕು. ತಡವಾದ ಮೇಲೆ ಕೊಟ್ಟರೆ ಮೆದುಳಿನಲ್ಲಿ ರಕ್ತಸ್ರಾವ ಆಗುವ ಅಪಾಯ ಹೆಚ್ಚು. ಹಾಗಾಗಿ ಡಾಕ್ಟರು ಕೇಳುವ ಅತಿ ಮುಖ್ಯ ಪ್ರಶ್ನೆ: "ಇವರು ಕೊನೆಯ ಸಲ ಸರಿಯಾಗಿದ್ದದ್ದು ಎಷ್ಟು ಹೊತ್ತಿಗೆ?" "ಬೆಳಗ್ಗೆ ಆರಕ್ಕೆ ಎದ್ದಾಗ ಹೀಗಾಗಿತ್ತು" ಎಂದರೆ ಒಂದು ಅರ್ಥ. "ಆರಕ್ಕೆ ಎದ್ದರು, ಕಾಫಿ ಕುಡಿದರು, ಆಮೇಲೆ ಹೀಗಾಯಿತು" ಎಂದರೆ ಪೂರಾ ಬೇರೆ ಅರ್ಥ. ಮೊದಲನೆಯವರಿಗೆ ಕಾಯಿಲೆ ಶುರುವಾದದ್ದು ರಾತ್ರಿ ಯಾವ ಹೊತ್ತಿಗೋ! ಇಷ್ಟು ಸೂಕ್ಷ್ಮವಾದ ಮಾತನ್ನು ಹರಕು ಹಿಂದಿಯಲ್ಲಿ, ಮುರುಕು ಇಂಗ್ಲಿಷಿನಲ್ಲಿ, ಅಳುತ್ತ ನಿಂತ ಹೆಂಡತಿಯಿಂದ ಹೊರಡಿಸುವುದು ಹೇಗೆ? ಇಲ್ಲಿ ಒಂದು ವಾಕ್ಯ ತಪ್ಪಿದರೆ ಒಂದು ಜೀವ ತಪ್ಪುತ್ತದೆ.

ಒಂದು ಪದ ಹಾಳುಮಾಡಿದ ಬದುಕು

ಇದೆಲ್ಲ ಕನ್ನಡ ಹೋರಾಟಗಾರರ ಉತ್ಪ್ರೇಕ್ಷೆ ಎನ್ನುವವರಿಗೆ, ಅವರು ದೇವರಂತೆ ಪೂಜಿಸುವ ಅಮೆರಿಕದ್ದೇ ಉದಾಹರಣೆ ಕೊಡೋಣ. 1980ರಲ್ಲಿ ಫ್ಲಾರಿಡಾದ ಆಸ್ಪತ್ರೆಯೊಂದಕ್ಕೆ 18 ವರ್ಷದ ಹುಡುಗನನ್ನು ಪ್ರಜ್ಞೆ ತಪ್ಪಿದ ಸ್ಥಿತಿಯಲ್ಲಿ ತಂದರು. ಮನೆಯವರದು ಸ್ಪ್ಯಾನಿಷ್ ಭಾಷೆ. ಏನೋ ತಿಂದದ್ದು ಮೈಗೆ ಒಗ್ಗದೆ ಹೀಗಾಗಿದೆ ಎಂಬ ಅರ್ಥದಲ್ಲಿ ಅವರು "ಇಂಟಾಕ್ಸಿಕಾಡೋ" ಎಂದರು. ಡಾಕ್ಟರಿಗೆ ಕೇಳಿಸಿದ್ದು ಇಂಗ್ಲಿಷಿನ "ಇಂಟಾಕ್ಸಿಕೇಟೆಡ್". ಹುಡುಗ ಮಾದಕ ವಸ್ತು ಸೇವಿಸಿದ್ದಾನೆ ಎಂದುಕೊಂಡು ಅದಕ್ಕೇ ಚಿಕಿತ್ಸೆ ಕೊಟ್ಟರು. ಆಗಿದ್ದದ್ದು ಮೆದುಳಿನಲ್ಲಿ ರಕ್ತಸ್ರಾವ! ಗೊತ್ತಾಗುವಷ್ಟರಲ್ಲಿ ಒಂದು ದಿನಕ್ಕೂ ಹೆಚ್ಚು ಹೊತ್ತು ಕಳೆದಿತ್ತು. ಹುಡುಗನ ಎರಡು ಕೈ, ಎರಡು ಕಾಲು ಜೀವನಪೂರ್ತಿ ಬಿದ್ದುಹೋದವು. ಆಸ್ಪತ್ರೆಯ ಕಡೆಯವರು ಒಪ್ಪಿಕೊಂಡ ಪರಿಹಾರ, ಅವನ ಬದುಕಿನ ಉದ್ದಕ್ಕೂ ಸೇರಿ, ಸುಮಾರು 7 ಕೋಟಿ 10 ಲಕ್ಷ ಡಾಲರ್. ಒಂದೇ ಒಂದು ಪದದ ಬೆಲೆ ಇದು.

ನಮ್ಮಲ್ಲಿ ಅಂಥ ಪದ ಇಲ್ಲವೆ? ಒಂದು ಹೇಳುತ್ತೇವೆ ಕೇಳಿ: "ಎಣ್ಣೆ". ರಾಯಚೂರು, ಕಲಬುರಗಿ ಕಡೆಯ ರೈತನ ಬಾಯಲ್ಲಿ "ಎಣ್ಣಿ" ಎಂದರೆ ಬೆಳೆಗೆ ಹೊಡೆಯುವ ಕ್ರಿಮಿನಾಶಕ. ಬೆಂಗಳೂರಿನ ಹುಡುಗರ ಬಾಯಲ್ಲಿ "ಎಣ್ಣೆ" ಎಂದರೆ ಹೆಂಡ. ಆ ಕಡೆಯ ತಾಯಿಯೊಬ್ಬಳು ಪ್ರಜ್ಞೆ ತಪ್ಪಿದ ಮಗನನ್ನು ತಂದು "ಎಣ್ಣಿ ಕುಡದಾನ್ರೀ ಡಾಕ್ಟ್ರೇ" ಎಂದು ಕಾಲು ಹಿಡಿದರೆ, ಆರು ತಿಂಗಳ ಬೆಂಗಳೂರು ಕನ್ನಡ ಕಲಿತವನಿಗೆ ಏನು ಅರ್ಥವಾದೀತು? ಕುಡಿದು ಬಿದ್ದಿದ್ದಾನೆ, ಇಳಿದ ಮೇಲೆ ಏಳುತ್ತಾನೆ ಎಂದು. ಅಷ್ಟರಲ್ಲಿ ವಿಷ ಮೈಗೆ ಏರುತ್ತಿರುತ್ತದೆ. ಕನ್ನಡ ಬರುತ್ತದೆ ಎಂದರೆ "ಊಟ ಆಯ್ತಾ" ಎನ್ನಲು ಬರುವುದಲ್ಲ. ಬೀದರಿನಿಂದ ಚಾಮರಾಜನಗರದವರೆಗಿನ ಕನ್ನಡ ಕಿವಿಗೆ ಬೀಳಬೇಕು, ತಲೆಗೆ ಹೋಗಬೇಕು.

ಇನ್ನೊಂದು ಮಾತು. ಅಮೆರಿಕದಲ್ಲಿ ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ಇಂಗ್ಲಿಷ್ ಬಾರದ ರೋಗಿಗೆ ಪುಕ್ಕಟೆಯಾಗಿ ದುಭಾಷಿ ಒದಗಿಸಬೇಕು. 1964ರ ನಾಗರಿಕ ಹಕ್ಕುಗಳ ಕಾಯಿದೆಯೇ ಇದರ ಬೇರು. ವಲಸೆ ಹೋದವನ ಭಾಷೆಗೆ ಅಲ್ಲಿ ಅಷ್ಟು ಮರ್ಯಾದೆ. ಮನೆಯ ಯಜಮಾನನ ಭಾಷೆಗೆ ಇಲ್ಲಿ ಎಷ್ಟು?

ಕಾನೂನು ನಿಮ್ಮ ಕಡೆ ಇದೆ

ನಮ್ಮ ಕಾನೂನಿನ ಪುಸ್ತಕವೇನೂ ಬರಿದಾಗಿಲ್ಲ. ಓದಿ ಕೇಳುವವರಿಲ್ಲ, ಅಷ್ಟೇ.

1989ರಲ್ಲಿ ಪರಮಾನಂದ ಕಟಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು: ಸರ್ಕಾರಿ ಇರಲಿ, ಖಾಸಗಿ ಇರಲಿ, ಗಾಯಾಳುವನ್ನು ಮೊದಲು ಉಳಿಸಬೇಕು, ಪೊಲೀಸ್ ಕಾಗದಪತ್ರ ಆಮೇಲೆ. ಸ್ಕೂಟರ್ ಸವಾರನೊಬ್ಬನನ್ನು "ಇದು ಪೊಲೀಸ್ ಕೇಸು, ಬೇರೆ ಆಸ್ಪತ್ರೆಗೆ ಒಯ್ಯಿರಿ" ಎಂದು ಸಾಗಹಾಕಿ, ಆತ ದಾರಿಯಲ್ಲೇ ಸತ್ತ ವರದಿ ಆ ತೀರ್ಪಿನ ಹಿಂದಿತ್ತು. 1996ರಲ್ಲಿ ಪಶ್ಚಿಮ ಬಂಗಾಳದ ಪ್ರಕರಣದಲ್ಲಿ ಅದೇ ಕೋರ್ಟ್ ಇನ್ನೂ ಮುಂದೆ ಹೋಯಿತು. ರೈಲಿನಿಂದ ಬಿದ್ದ ಕೂಲಿಕಾರನನ್ನು ಸರ್ಕಾರಿ ಆಸ್ಪತ್ರೆಗಳು ಒಂದಾದ ಮೇಲೊಂದು "ಹಾಸಿಗೆ ಇಲ್ಲ" ಎಂದು ತಿರುಗಿಸಿ ಕಳಿಸಿದ್ದವು. ಇದು ಸಂವಿಧಾನದ 21ನೇ ವಿಧಿಯ ಜೀವದ ಹಕ್ಕಿನ ಉಲ್ಲಂಘನೆ ಎಂದ ಕೋರ್ಟ್ 25,000 ರೂಪಾಯಿ ಪರಿಹಾರ ಕೊಡಿಸಿತು.

2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯ ಪ್ರಕಾರ ಅಪಘಾತ, ಸುಟ್ಟಗಾಯ, ವಿಷಪ್ರಾಶನ, ಹಲ್ಲೆಯಂಥ ಪ್ರಕರಣ ಬಂದರೆ ಜೀವ ಉಳಿಸುವ ತುರ್ತು ಚಿಕಿತ್ಸೆ ಕೊಡಲೇಬೇಕು. 2017ರಲ್ಲಿ ಇದಕ್ಕೆ ತಿದ್ದುಪಡಿ ತರಹೊರಟಾಗ ಖಾಸಗಿ ಡಾಕ್ಟರುಗಳು ಬಾಗಿಲು ಮುಚ್ಚಿ ಮುಷ್ಕರ ಹೂಡಿದ್ದನ್ನು ನಾಡು ಮರೆತಿಲ್ಲ. ಆದರೂ ತಿದ್ದುಪಡಿ ಬಂತು. ಬಿಲ್ ಬಾಕಿ ಇದೆ ಎಂದು ಹೆಣ ಹಿಡಿದಿಟ್ಟುಕೊಳ್ಳುವಂತಿಲ್ಲ ಎಂದಾಯಿತು. ದೂರು ಕೇಳಲು ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಜಿಲ್ಲಾ ಪ್ರಾಧಿಕಾರವೂ ಆಯಿತು.

ಭಾಷೆಯ ಮಾತು? ಅದೂ ಇದೆ. ರೋಗಿಗೆ ಅರ್ಥವಾಗುವಂತೆ ವಿವರಿಸದೆ ಪಡೆದ ಒಪ್ಪಿಗೆ ಒಪ್ಪಿಗೆಯಲ್ಲ ಎಂಬುದು 2008ರ ಸಮೀರಾ ಕೊಹ್ಲಿ ಪ್ರಕರಣದ ತಿರುಳು. ಪ್ರಜ್ಞೆ ಇಲ್ಲದವನ ಜೀವ ಉಳಿಸಲು ಡಾಕ್ಟರು ಯಾರ ಸಹಿಗೂ ಕಾಯಬೇಕಿಲ್ಲ, ಅದು ಸರಿ. ಆದರೆ ಪ್ರಜ್ಞೆ ಇರುವವನ ಮುಂದೆ ಪುಟಗಟ್ಟಲೆ ಇಂಗ್ಲಿಷ್ ಕಾಗದ ಹಿಡಿದು "ಇಲ್ಲಿ, ಇಲ್ಲಿ, ಇಲ್ಲಿ ಸೈನ್ ಮಾಡಿ" ಎನ್ನುವುದು ಒಪ್ಪಿಗೆಯೇ? ದುಡ್ಡು ಮುಗಿದು ಬೇರೆ ಆಸ್ಪತ್ರೆಗೆ ಹೊರಟವರಿಂದ "ವೈದ್ಯರ ಸಲಹೆಗೆ ವಿರುದ್ಧವಾಗಿ ನನ್ನ ಜವಾಬ್ದಾರಿಯ ಮೇಲೆ ಹೋಗುತ್ತಿದ್ದೇನೆ" ಎಂಬ ಕಾಗದಕ್ಕೂ ಇಂಗ್ಲಿಷಿನಲ್ಲೇ ಸಹಿ! ತಾನು ಏನು ಬರೆದುಕೊಟ್ಟೆ ಎಂಬುದು ಆ ಬಡವನಿಗೆ ಗೊತ್ತಾಗುವುದು ಕೋರ್ಟಿನ ಕಟಕಟೆಯಲ್ಲಿ. 2018ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ರೂಪಿಸಿದ ರೋಗಿಗಳ ಹಕ್ಕುಗಳ ಸನ್ನದು 17 ಹಕ್ಕುಗಳನ್ನು ಹೇಳುತ್ತದೆ. ತಿಳಿಯುವ ಭಾಷೆಯಲ್ಲಿ ಮಾಹಿತಿ ಪಡೆಯುವುದೂ ಅದರಲ್ಲಿ ಸೇರಿದೆ. ಅದನ್ನು ಕನ್ನಡದಲ್ಲಿ ಗೋಡೆಗೆ ಬರೆಸಿದ ಆಸ್ಪತ್ರೆ ನಿಮ್ಮ ಬಡಾವಣೆಯಲ್ಲಿ ಇದೆಯೇ? ಹೋಗಿ ನೋಡಿ ಬನ್ನಿ.

ನೆಪಗಳ ಪಟ್ಟಿ

"ಬೆಂಗಳೂರು ಕಾಸ್ಮೊಪಾಲಿಟನ್ ಸಾರ್" ಎನ್ನುತ್ತಾರೆ. ಇರಲಿ. ಕಾಸ್ಮೊಪಾಲಿಟನ್ ಎಂದರೆ ಎಲ್ಲರ ಭಾಷೆಯೂ ಬೇಕು ಎಂದರ್ಥ. ನೆಲದ ಭಾಷೆಯೊಂದು ಬೇಡ ಎಂದಲ್ಲ. ಬಿಹಾರದಿಂದ ಬಂದ ಕೂಲಿಯವನನ್ನು ಹಿಂದಿಯಲ್ಲೇ ಕೇಳಿ, ಬೇಡ ಎಂದವರ್ಯಾರು? ಅವನ ಜೀವವೂ ಜೀವವೇ. ಆದರೆ ಕಲಬುರಗಿಯಿಂದ ಬಂದು ಅವನ ಪಕ್ಕದಲ್ಲೇ ಇಟ್ಟಿಗೆ ಹೊತ್ತವನನ್ನು ಕನ್ನಡದಲ್ಲಿ ಕೇಳಬೇಡವೆ?

"ಮೆಡಿಕಲ್ ಪದಗಳಿಗೆ ಕನ್ನಡ ಇಲ್ಲ" ಎನ್ನುತ್ತಾರೆ. ಯಾರು ಕೇಳಿದರು? ಬಿಪಿ, ಶುಗರ್, ಸ್ಕ್ಯಾನ್, ಹಾರ್ಟ್ ಅಟ್ಯಾಕ್ ಎಲ್ಲ ನಮ್ಮ ಅಜ್ಜಿಯ ಬಾಯಲ್ಲೂ ಕನ್ನಡವೇ ಆಗಿವೆ. ನಮಗೆ ಬೇಕಾದದ್ದು ವಾಕ್ಯ: "ನಿಮ್ಮ ತಂದೆಯವರ ಹಾರ್ಟಿನ ನಾಳ ಕಟ್ಟಿದೆ. ಈಗಲೇ ತೆಗೆಯಬೇಕು. ಇಷ್ಟು ಅಪಾಯ ಇದೆ. ಇಷ್ಟು ಖರ್ಚು ಬರುತ್ತದೆ." ಇದನ್ನು ಹೇಳಲು ಪಂಪನ ಕನ್ನಡ ಬೇಕಾಗಿಲ್ಲ. 2024ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆಯವರು ಸರ್ಕಾರಿ ವೈದ್ಯರು ಔಷಧಿ ಚೀಟಿಯನ್ನು ಕನ್ನಡದಲ್ಲಿ ಬರೆಯುವಂತಾಗಬೇಕೆಂದು ಆರೋಗ್ಯ ಸಚಿವರಿಗೆ ಪತ್ರ ಬರೆದರು. ಒಳ್ಳೆಯ ಮಾತು. ಆದರೆ ನಮ್ಮ ಪ್ರಕಾರ ಚೀಟಿಗಿಂತ ಮೊದಲು ಬಾಯಿ. ಮಾತ್ರೆಯ ಹೆಸರು ಇಂಗ್ಲಿಷಿನಲ್ಲಿದ್ದರೆ ಔಷಧಿ ಅಂಗಡಿಯವನು ಓದಿಕೊಳ್ಳುತ್ತಾನೆ. "ಯಾವ ಹೊತ್ತಿಗೆ, ಎಷ್ಟು, ಊಟಕ್ಕೆ ಮೊದಲೋ ಆಮೇಲೋ, ಏನಾದರೆ ತಕ್ಷಣ ವಾಪಸ್ ಬರಬೇಕು" ಎಂಬುದು ಮಾತ್ರ ರೋಗಿಗೇ ತಿಳಿಯಬೇಕು.

"ಕನ್ನಡ ಬಲ್ಲ ಸಿಬ್ಬಂದಿ ಸಿಗುವುದಿಲ್ಲ" ಎನ್ನುತ್ತಾರೆ. ಸುಳ್ಳು! ಕನ್ನಡ ಬರುವವರು ಆಸ್ಪತ್ರೆಯಲ್ಲಿ ಈಗಲೂ ಇದ್ದಾರೆ. ಗೇಟಿನಲ್ಲಿ ಕೋಲು ಹಿಡಿದು, ವಾರ್ಡಿನಲ್ಲಿ ಕಸಬರಿಕೆ ಹಿಡಿದು, ಕಾರಿಡಾರಿನಲ್ಲಿ ಸ್ಟ್ರೆಚರ್ ತಳ್ಳುತ್ತ ಇದ್ದಾರೆ. ಡಾಕ್ಟರಿಗೆ ರೋಗಿಯ ಮಾತು ತಿಳಿಯದಾಗ ಕೂಗಿ ಕರೆಯುವುದು ಅವರನ್ನೇ. ಸೆಕ್ಯೂರಿಟಿ ಗಾರ್ಡೇ ದುಭಾಷಿ, ಆಯಾಳೇ ದುಭಾಷಿ! ಕನ್ನಡಿಗರಿಗೆ ಉದ್ಯೋಗದಲ್ಲಿ ಆದ್ಯತೆ ಕೊಡಿ ಎಂದು ಸರೋಜಿನಿ ಮಹಿಷಿ ಸಮಿತಿ ವರದಿ ಕೊಟ್ಟದ್ದು 1986ರಲ್ಲಿ. ಅದನ್ನು ಪೂರ್ತಿಯಾಗಿ ಜಾರಿಗೆ ತರದ ಸರ್ಕಾರಗಳ ಪಾಪವನ್ನು ಇಂದು ಸ್ಟ್ರೆಚರ್ ಮೇಲೆ ಮಲಗಿದವನು ಹೊರುತ್ತಿದ್ದಾನೆ.

ಸರ್ಕಾರಿ ಆಸ್ಪತ್ರೆಗಳ ಮಾತು ಬೇರೆ. ವಿಕ್ಟೋರಿಯಾ, ಬೌರಿಂಗ್, ಕೆ.ಸಿ. ಜನರಲ್‌ಗಳಲ್ಲಿ ಕನ್ನಡ ಕಿವಿಗೆ ಬೀಳುತ್ತದೆ. ಅಲ್ಲಿನ ಕೊರತೆ ಹಾಸಿಗೆಯದು, ಕೈಗಳದು. ಆದರೆ ಕೈಗೆ ಕೊಡುವ ಕಾಗದ ಅಲ್ಲೂ ಇಂಗ್ಲಿಷೇ. ಇನ್ನು 108 ಆರೋಗ್ಯ ಕವಚ ಶುರುವಾದದ್ದೇ 2008ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ. ಕರೆ ಮಾಡಿದರೆ ಕನ್ನಡದಲ್ಲಿ ಮಾತಾಡುತ್ತಾರೆ, ಆಂಬುಲೆನ್ಸಿನ ಹುಡುಗರೂ ಕನ್ನಡದಲ್ಲೇ ಧೈರ್ಯ ಹೇಳುತ್ತಾರೆ. ಆಸ್ಪತ್ರೆಯ ಬಾಗಿಲವರೆಗೆ ಬಂದ ಕನ್ನಡವನ್ನು ಒಳಗೆ ಬಿಡದವರು ಯಾರು?

ನರ್ಸ್ ನಮ್ಮ ಶತ್ರು ಅಲ್ಲ

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ನಮ್ಮವರಿಗೇ ಹೇಳಬೇಕು. ಕೇರಳದಿಂದಲೋ ಮಣಿಪುರದಿಂದಲೋ ಬಂದು, ಹನ್ನೆರಡು ತಾಸು ನಿಂತು ದುಡಿಯುವ ಹೆಣ್ಣುಮಗಳ ಮೇಲೆ ಕೂಗಾಡುವುದು ಕನ್ನಡಾಭಿಮಾನ ಅಲ್ಲ. ಅವಳನ್ನು ಕೆಲಸಕ್ಕೆ ತೆಗೆದುಕೊಂಡು, ಒಂದು ತಿಂಗಳು ಕನ್ನಡ ಕಲಿಸದೆ ಎಮರ್ಜೆನ್ಸಿಗೆ ತಂದು ನಿಲ್ಲಿಸಿದ ಆಡಳಿತ ಮಂಡಳಿ ಎ.ಸಿ. ಕೋಣೆಯಲ್ಲಿ ಕೂತಿದೆ. ನಮ್ಮ ಜಗಳ ಅದರ ಜೊತೆ. ಡ್ಯೂಟಿಯಲ್ಲಿರುವ ವೈದ್ಯರು, ಸಿಬ್ಬಂದಿಯ ಮೇಲೆ ಕೈ ಮಾಡಿದರೆ 2009ರ ರಾಜ್ಯ ಕಾನೂನಿನ ಪ್ರಕಾರ ಜೈಲು. ಅದಕ್ಕಿಂತ ಮುಖ್ಯವಾಗಿ, ನೀವು ಗಲಾಟೆ ಮಾಡುವ ಹತ್ತು ನಿಮಿಷ ಪಕ್ಕದ ಹಾಸಿಗೆಯ ಕನ್ನಡಿಗನ ಹತ್ತು ನಿಮಿಷ.

2019ರಲ್ಲಿ ಬದಲಾದ ಎಂ.ಬಿ.ಬಿ.ಎಸ್. ಪಠ್ಯಕ್ರಮದ ಮೊದಲ ತಿಂಗಳಲ್ಲೇ ಸ್ಥಳೀಯ ಭಾಷೆ ಕಲಿಸಲು ಅವಕಾಶ ಇದೆ. ಅಂದರೆ ಕಲಿಯಬೇಕು ಎಂಬುದನ್ನು ದೆಹಲಿಯೂ ಒಪ್ಪಿದೆ. ಕಲಿಸುವ ಮನಸ್ಸು ಬೆಂಗಳೂರಿಗೆ ಬರಬೇಕು.

ನಮ್ಮ ಬೇಡಿಕೆ

ಒಂದು: ಎಮರ್ಜೆನ್ಸಿ ವಿಭಾಗದಲ್ಲಿ ಹಗಲು ರಾತ್ರಿ, ಪ್ರತಿ ಪಾಳಿಯಲ್ಲೂ, ರೋಗಿಯನ್ನು ಮೊದಲು ಪ್ರಶ್ನಿಸುವ ಜಾಗದಲ್ಲಿ ಚೆನ್ನಾಗಿ ಕನ್ನಡ ಬಲ್ಲ ಒಬ್ಬ ನರ್ಸ್ ಅಥವಾ ಡಾಕ್ಟರ್ ಇರಲೇಬೇಕು.

ಎರಡು: ಒಪ್ಪಿಗೆ ಪತ್ರ, ಖರ್ಚಿನ ಅಂದಾಜು, ಡಿಸ್ಚಾರ್ಜ್ ಸಮಯದ ಸೂಚನೆ ಕನ್ನಡದಲ್ಲೂ ಇರಬೇಕು.

ಮೂರು: ರೋಗಿಗಳ ಹಕ್ಕುಗಳ ಸನ್ನದನ್ನು ಎಮರ್ಜೆನ್ಸಿ ಬಾಗಿಲಲ್ಲೇ ಕನ್ನಡದಲ್ಲಿ ದೊಡ್ಡದಾಗಿ ಬರೆಸಬೇಕು.

ನಾಲ್ಕು: ಖಾಸಗಿ ಆಸ್ಪತ್ರೆಗಳ ನೋಂದಣಿ ನವೀಕರಿಸುವಾಗ ಈ ಮೂರನ್ನೂ ಪರಿಶೀಲಿಸಬೇಕು. ಲೈಸೆನ್ಸ್ ಕೊಡುವ ಅಧಿಕಾರ ರಾಜ್ಯ ಸರ್ಕಾರದ ಕೈಯಲ್ಲೇ ಇದೆ. ದೆಹಲಿಯ ಕಡೆ ಬೆರಳು ತೋರಿಸುವ ನಾಟಕ ಇಲ್ಲಿ ನಡೆಯುವುದಿಲ್ಲ.

ನೀವು ಮಾಡಬೇಕಾದದ್ದು

ಸರ್ಕಾರ ಏಳುವವರೆಗೆ ನಿಮ್ಮ ಅಪ್ಪ ಅಮ್ಮನ ಎದೆ ಕಾಯುವುದಿಲ್ಲ. ಹಾಗಾಗಿ ಇಂದೇ ಒಂದು ಹಾಳೆಯಲ್ಲಿ ಮನೆಯವರ ಕಾಯಿಲೆ, ತೆಗೆದುಕೊಳ್ಳುವ ಮಾತ್ರೆ, ಒಗ್ಗದ ಔಷಧಿ ಬರೆದು ಬಾಗಿಲ ಹಿಂದೆ ಅಂಟಿಸಿ. ಎಮರ್ಜೆನ್ಸಿಗೆ ಹೋದಾಗ ಕಾಯಿಲೆ ಶುರುವಾದ ಗಂಟೆಯನ್ನು ಮೊದಲು ಹೇಳಿ. ನಿಮಗೆ ಇಂಗ್ಲಿಷ್ ಬರುತ್ತದೆ ಎಂದು ಅಮ್ಮನ ಬದಲು ನೀವೇ ಎಲ್ಲ ಮಾತಾಡಿಬಿಡಬೇಡಿ, ನೋವು ಅವರದು. "ಕನ್ನಡ ಬಲ್ಲವರನ್ನು ಕರೆಯಿರಿ, ಅವರು ಇವರನ್ನೇ ಕೇಳಲಿ" ಎನ್ನಿ. ಹೀಗೆ ಕೇಳಿದಿರೆಂದು ಚಿಕಿತ್ಸೆ ನಿಲ್ಲಿಸುವ ಹಕ್ಕು ಯಾವ ಆಸ್ಪತ್ರೆಗೂ ಇಲ್ಲ. ಓದಲಾಗದ ಕಾಗದಕ್ಕೆ ಸಹಿ ಹಾಕುವ ಮುನ್ನ "ಕನ್ನಡದಲ್ಲಿ ಹೇಳಿ" ಎನ್ನಿ. ಕೇಸ್ ಪೇಪರಿನ ಪ್ರತಿ ಕೇಳಿದರೆ 72 ಗಂಟೆಯಲ್ಲಿ ಕೊಡಬೇಕೆಂದು ವೈದ್ಯಕೀಯ ಮಂಡಳಿಯ 2002ರ ನಿಯಮವೇ ಹೇಳುತ್ತದೆ. ಮಾತು ತಿಳಿಯದೆ ತೊಂದರೆಯಾದರೆ ದಿನಾಂಕ, ಗಂಟೆ ಬರೆದು ಜಿಲ್ಲಾಧಿಕಾರಿಯ ಪ್ರಾಧಿಕಾರಕ್ಕೆ ದೂರು ಕೊಡಿ, ಕನ್ನಡದಲ್ಲೇ ಕೊಡಿ.

ರಸ್ತೆಯಲ್ಲಿ ಗಾಯಾಳು ಬಿದ್ದಿದ್ದರೆ ಮೊಬೈಲ್ ಹಿಡಿದು ಚಿತ್ರ ತೆಗೆಯುತ್ತ ನಿಲ್ಲಬೇಡಿ. ಎತ್ತಿ ಆಸ್ಪತ್ರೆಗೆ ಸೇರಿಸಿದವರನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ, ಹೆಸರು ಹೇಳಿ ಎಂದು ಬಲವಂತ ಮಾಡುವಂತಿಲ್ಲ ಎಂದು 2016ರಲ್ಲೇ ಸುಪ್ರೀಂ ಕೋರ್ಟ್ ರಕ್ಷಣೆ ಕೊಟ್ಟಿದೆ.

ಬೋರ್ಡಿಗಾಗಿ ಬೀದಿಗಿಳಿದ ಕಾಲುಗಳಿಗೆ ಇನ್ನೂ ಶಕ್ತಿ ಇದೆ. ಬೋರ್ಡ್ ತಪ್ಪಾಗಿದ್ದರೆ ಅವಮಾನ ಆಗುತ್ತದೆ. ಎಮರ್ಜೆನ್ಸಿಯಲ್ಲಿ ಮಾತು ತಪ್ಪಿದರೆ ಹೆಣ ಬೀಳುತ್ತದೆ. ಆಸ್ಪತ್ರೆಯ ಒಡೆಯರೇ, ನೆತ್ತಿಯ ಮೇಲೆ ಬರೆಸಿಕೊಂಡ ಕನ್ನಡವನ್ನು ನಾಲಿಗೆಯ ಮೇಲೂ ಇಳಿಸಿ. ಇಳಿಸದಿದ್ದರೆ, ಇಳಿಸುವುದು ಹೇಗೆಂದು ಈ ನಾಡಿನ ಹುಡುಗರಿಗೆ ಗೊತ್ತಿದೆ: ಕಲ್ಲಿನಿಂದಲ್ಲ, ಕಾನೂನಿನಿಂದ.

ಸಿರಿಗನ್ನಡಂ ಗೆಲ್ಗೆ!